ಕಾರ್ಡ್ ಸತ್ತಿಲ್ಲ, ಡ್ರೈವರ್ ಹಾಕಿ ನೋಡ್ರಿ

ನಮ್ಮ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆ ಮನೆಗಳಲ್ಲಿ, ಫೋಟೊ ಸ್ಟುಡಿಯೊಗಳಲ್ಲಿ ಅಂಗಡಿಯವರೇ ಜೋಡಿಸಿ ಕೊಟ್ಟ ಕಂಪ್ಯೂಟರ್‌ಗಳು ಸಾಕಷ್ಟಿವೆ. ಮದುವೆ ವಿಡಿಯೊ ಎಡಿಟಿಂಗ್‌ಗೆ, ಕಿತ್ತೂರು ಉತ್ಸವ, ಯಲ್ಲಮ್ಮನ ಜಾತ್ರೆಯ ಫ್ಲೆಕ್ಸ್ ಡಿಸೈನ್‌ಗೆ ಬೇಕು ಅಂತ ಕೆಲವರು ಅದರಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಕೂಡ ಹಾಕಿಸಿರುತ್ತಾರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಹೀಗಾಗಿ ಲಿನಕ್ಸ್ ಹಾಕಿ ನೋಡುವವರು ಹೆಚ್ಚಾಗಿದ್ದಾರೆ. ಹಾಕಿದ ಮೇಲೆ ಪರದೆ ಕಪ್ಪಾದರೆ ಮಾತ್ರ ಎಲ್ಲರದೂ ಒಂದೇ ತೀರ್ಪು: "ಕಾರ್ಡ್ ಸತ್ತದ, ಗುಜರಿಗೆ ಹಾಕ್ರಿ."

ಸ್ವಲ್ಪ ತಡೀರಿ. ಬಹಳ ಸಲ ಕಾರ್ಡ್ ಚೆನ್ನಾಗಿಯೇ ಇರುತ್ತದೆ, ಸರಿಯಾದ ಡ್ರೈವರ್ ಇರುವುದಿಲ್ಲ.

ಡ್ರೈವರ್ ಅಂದರೆ ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ದುಭಾಷಿ. ಎಎಂಡಿ ಕಂಪನಿ ತನ್ನ ಕಾರ್ಡ್‌ಗಳ ಡ್ರೈವರ್ ಅನ್ನು ಮುಕ್ತವಾಗಿಯೇ ಕೊಡುತ್ತದೆ. ಅದರ 'ಎಎಂಡಿಜಿಪಿಯು' ಡ್ರೈವರ್ 2015ರಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ಹೀಗಾಗಿ ಸಾಮಾನ್ಯ ಬಳಕೆಗೆ ಬೇರೆ ಏನೂ ಹಾಕಬೇಕಿಲ್ಲ. ಎನ್ವಿಡಿಯಾ ಹಾಗಲ್ಲ, ಬಹಳ ವರ್ಷ ತನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಆ ಕಂಪನಿಯನ್ನು ಬಹಿರಂಗವಾಗಿಯೇ ಬೈದಿದ್ದರು. ಅಷ್ಟರೊಳಗೆ ಸ್ವಯಂಸೇವಕರು ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಎಂದು ಹೊರಗಿನಿಂದಲೇ ಪತ್ತೆ ಮಾಡಿ 'ನೂವೋ' ಎಂಬ ಮುಕ್ತ ಡ್ರೈವರ್ ಬರೆದಿದ್ದರು. ಅದು 2010ರಲ್ಲೇ ಕರ್ನಲ್ ಸೇರಿತ್ತು. ಎನ್ವಿಡಿಯಾ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತಗೊಳಿಸಿದ್ದು 2022ರ ಮೇ ತಿಂಗಳಲ್ಲಿ. ಅದೂ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಮಾತ್ರ.

ಲಿನಕ್ಸ್ ಹಾಕಿದ ಕೂಡಲೇ ಹಳೆ ಎನ್ವಿಡಿಯಾ ಕಾರ್ಡಿಗೆ ಸಿಗುವುದು ಈ ನೂವೋ. ಬ್ರೌಸಿಂಗ್‌ಗೆ, ಟೈಪಿಂಗ್‌ಗೆ ಅಷ್ಟು ಸಾಕು. ಆದರೆ ಜಿಟಿಎಕ್ಸ್ 1050ರಂಥ ಕಾರ್ಡ್‌ನ ವೇಗ ಏರಿಸಲು ಎನ್ವಿಡಿಯಾ ಸಹಿ ಮಾಡಿದ ಫರ್ಮ್‌ವೇರ್ ಬೇಕು, ಅದು ನೂವೋಗೆ ಸಿಕ್ಕಿಲ್ಲ. ಹೀಗಾಗಿ ಕಾರ್ಡ್ ಕೆಳಗಿನ ವೇಗದಲ್ಲೇ ಉಳಿದುಬಿಡುತ್ತದೆ. ಗೇಮ್, ಬ್ಲೆಂಡರ್ ರೆಂಡರಿಂಗ್ ಬೇಕಿದ್ದವರಿಗೆ ಎನ್ವಿಡಿಯಾದ ಸ್ವಂತ ಡ್ರೈವರ್ರೇ ಬೇಕು.

ಹಾಕುವುದು ಹೇಗೆ?

ಮೊದಲು ಮಾನಿಟರ್ ಕೇಬಲ್ ನೋಡಿ. ಅದು ಮದರ್‌ಬೋರ್ಡ್‌ಗೆ ಸಿಕ್ಕಿದ್ದರೆ ಕಿತ್ತು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಎಷ್ಟೋ 'ಸತ್ತ' ಕಾರ್ಡ್‌ಗಳು ಇಷ್ಟಕ್ಕೇ ಎದ್ದು ಕೂಡುತ್ತವೆ. ನಮ್ಮ ಎರಿ ಮಣ್ಣಿನ ಧೂಳು ಫ್ಯಾನಿನಲ್ಲಿ ಕೂತಿದ್ದರೆ ಅದನ್ನೂ ಬ್ರಷ್‌ನಿಂದ ತೆಗೆಯಿರಿ.

ಪೆನ್‌ಡ್ರೈವ್‌ನಿಂದ ಶುರು ಮಾಡುವಾಗಲೇ ಪರದೆ ಕಪ್ಪಾದರೆ, ಮೊದಲು ಬರುವ ಪಟ್ಟಿಯಲ್ಲಿ ಉಬುಂಟುವಿನಲ್ಲಿ 'ಸೇಫ್ ಗ್ರಾಫಿಕ್ಸ್', ಲಿನಕ್ಸ್ ಮಿಂಟ್‌ನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಸಿಸ್ಟಮ್ ಹಾಕಿ ಮುಗಿದ ಮೇಲೆ ಇಂಟರ್ನೆಟ್ ಜೋಡಿಸಿ, ಅಪ್‌ಡೇಟ್ ಮಾಡಿ. ನಂತರ ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್', ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದು, 'ರೆಕಮೆಂಡೆಡ್' ಎಂದು ತೋರಿಸುವುದನ್ನು ಆರಿಸಿ. ಕಂಪನಿಯ ವೆಬ್‌ಸೈಟಿನಿಂದ ಫೈಲ್ ಇಳಿಸಿಕೊಂಡು ಹಾಕಲು ಹೋಗಬೇಡಿ. ಹಾಗೆ ಹಾಕಿದ್ದು ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಕೆಟ್ಟು ಹೋಗುವುದು ಮಾಮೂಲು.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ವೈರಸ್ ಅಂತ ಹೆದರಬೇಡಿ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮೋಕ್' ಆರಿಸಿ, ಮುಂದುವರಿದು ಅದೇ ಪಾಸ್‌ವರ್ಡ್ ಹಾಕಿ. ಈ ಹೆಜ್ಜೆ ತಪ್ಪಿದರೆ ಡ್ರೈವರ್ ಇದ್ದೂ ಕೆಲಸ ಮಾಡಲ್ಲ.

ಇನ್ನೊಂದು ನಮ್ಮ ಕಡೆಯ ಮಾತು: ಕರೆಂಟ್. ಅಪ್‌ಡೇಟ್ ನಡೆದಾಗ ಕರೆಂಟ್ ಹೋದರೆ ಡ್ರೈವರ್ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಕಪ್ಪು ಪರದೆ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ನಿಲ್ಲುವ ಹೊತ್ತು ನೋಡಿಕೊಂಡು ಮಾಡಿ. ಆದರೂ ಕೈಕೊಟ್ಟರೆ, ಶುರುವಿನ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಳೆ ಕರ್ನಲ್ ಆರಿಸಿ ಒಳಹೋಗಲು ನೋಡಿ.

ಹಳೆ ಕಾರ್ಡ್ ಕೊಳ್ಳುವ ಮುಂಚೆ

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಬೆಲೆಗಿಂತ ಮೊದಲು ಪೀಳಿಗೆ ಕೇಳಬೇಕು. ಜಿಟಿ 710ಕ್ಕೆ 470 ಸರಣಿಯ ಡ್ರೈವರ್ರೇ ಕೊನೆ. ಜಿಟಿ 730 ಅಂತೂ ಒಂದೇ ಹೆಸರಿನಲ್ಲಿ ಎರಡು ಪೀಳಿಗೆಯ ಚಿಪ್ಪಿನಲ್ಲಿ ಬಂದಿದೆ, ಒಂದಕ್ಕೆ 470, ಇನ್ನೊಂದಕ್ಕೆ ಅದಕ್ಕೂ ಹಳೆಯ 390. ಎರಡೂ ಸರಣಿಗಳನ್ನು ಎನ್ವಿಡಿಯಾ ಈಗಾಗಲೇ ಕೈಬಿಟ್ಟಿದೆ. ಜಿಟಿಎಕ್ಸ್ 750, 900, 1000 ಸಾಲಿನವಕ್ಕೆ 580 ಕೊನೆಯ ಸರಣಿ. ಕಂಪನಿ ಕೈಬಿಟ್ಟ ಮೇಲೆ ಉಳಿಯುವುದು ನೂವೋ ಒಂದೇ. ಎಎಂಡಿಯ ಹಳೆ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಹೆಚ್ಚು ವರ್ಷ ಬಾಳುವುದು ಇದಕ್ಕೇ: ಡ್ರೈವರ್‌ನ ಕೀಲಿ ಕಂಪನಿಯೊಂದರ ಕೈಯಲ್ಲಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಅನ್ನ ಫೋಟೊಶಾಪ್, ಕೋರಲ್‌ಡ್ರಾ ಮೇಲೆ ನಡೆಯುತ್ತಿದ್ದರೆ ಅವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯಲ್ಲ. ಗಿಂಪ್, ಇಂಕ್‌ಸ್ಕೇಪ್, ಕೆಡೆನ್‌ಲೈವ್ ಕೈಗೆ ಹತ್ತುವವರೆಗೆ ಹಳೆ ವ್ಯವಸ್ಥೆ ಅಳಿಸಬೇಡಿ. ಆದರೆ ಮನೆಯ ಮಕ್ಕಳಿಗೆ ಈ ಹೆದರಿಕೆ ಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ಬಳಕೆಯಲ್ಲಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ಪಿಯುಸಿ ಮುಗಿಸಿ ಅನಿಮೇಷನ್ನೋ ಎಡಿಟಿಂಗೋ ಕಲಿಯಬೇಕು ಅನ್ನುವ ಹುಡುಗಿಗೆ ಹೊಸ ಕಂಪ್ಯೂಟರ್ ಕೊಡಿಸುವುದು ಎಲ್ಲ ಮನೆಗೂ ಆಗುವ ಮಾತಲ್ಲ. ಅಟ್ಟಕ್ಕೆ ಹಾಕಿದ ಹಳೆಯದನ್ನು ಇಳಿಸಿ, ಒಂದು ಭಾನುವಾರ ಕೊಟ್ಟು ನೋಡ್ರಿ. ಗುಜರಿಯವ ಎಲ್ಲಿಗೂ ಹೋಗಲ್ಲ, ಮುಂದಿನ ವಾರವೂ ಬರ್ತಾನ.