ಕಡತ ಬಂತು, ಅಕ್ಷರ ಬರಲಿಲ್ಲ

ಹಳೆಯ ಲ್ಯಾಪ್‌ಟಾಪಿನಲ್ಲಿರುವ ಫೋಟೊ, ಪತ್ರ, ಲೆಕ್ಕಪತ್ರಗಳನ್ನು ಹೊಸದಕ್ಕೆ ಸಾಗಿಸುವುದೆಂದರೆ ಪೆನ್‌ಡ್ರೈವಿಗೆ ತುಂಬಿಕೊಂಡು ಇಳಿಸುವಷ್ಟೇ ಎಂಬ ತಿಳಿವಳಿಕೆ ಸಾಮಾನ್ಯವಾದರೂ, ಕಡತವೊಂದು ತನ್ನಷ್ಟಕ್ಕೆ ತಾನೇ ಪೂರ್ಣವಾಗಿರುವುದು ಅಪರೂಪ. ಅದನ್ನು ತೆರೆಯುವ ತಂತ್ರಾಂಶ, ಓದಿಸುವ ಫಾಂಟ್, ಬೀಗ ತೆಗೆಯುವ ಕೀಲಿಸಂಖ್ಯೆ ಇವೆಲ್ಲ ಕಡತದ ಹೊರಗೆ, ಹಳೆಯ ಯಂತ್ರದ ಬೇರೆ ಬೇರೆ ಮೂಲೆಗಳಲ್ಲಿ ಉಳಿದುಬಿಡುತ್ತವೆ.

ಮೊದಲ ತೊಡಕು ದಾಸ್ತಾನಿನ ಆಕಾರದ್ದು. ಹತ್ತು-ಹನ್ನೆರಡು ವರ್ಷ ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು 2.5 ಅಂಗುಲದ ಹಾರ್ಡ್ ಡಿಸ್ಕ್, ಅಂದರೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳಾಗಿ ಮಾಹಿತಿಯನ್ನು ಬರೆದಿಡುವ ಪೆಟ್ಟಿಗೆ. ಇಂದಿನ ಯಂತ್ರಗಳಲ್ಲಿರುವುದು 22 ಮಿಲಿಮೀಟರ್ ಅಗಲದ, ಚ್ಯೂಯಿಂಗ್ ಗಮ್ ಪಟ್ಟಿಯಂತಹ ಎಂ.2 ಎಸ್‌ಎಸ್‌ಡಿ. ಹೀಗಾಗಿ ಹಳೆಯ ಡಿಸ್ಕನ್ನು ಬಿಚ್ಚಿ ಹೊಸದರೊಳಗೆ ಕೂರಿಸುವುದು ಸಾಧ್ಯವಾಗುವುದಿಲ್ಲವಾದರೂ, ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಯುಎಸ್‌ಬಿ ಕೇಸಿನಲ್ಲಿ ಅದನ್ನಿಟ್ಟರೆ ಅದೇ ದೊಡ್ಡದೊಂದು ಪೆನ್‌ಡ್ರೈವಿನಂತೆ ಕೆಲಸ ಮಾಡುತ್ತದೆ. ಯುಎಸ್‌ಬಿ 2.0 ಕಿಂಡಿಯ ಮೂಲಕ ಸೆಕೆಂಡಿಗೆ 35 ಮೆಗಾಬೈಟಿನಷ್ಟು ಸಾಗುತ್ತದೆಂದು ಹಿಡಿದರೂ 500 ಗಿಗಾಬೈಟ್ ಸಾಗಿಸಲು ಸುಮಾರು ನಾಲ್ಕು ಗಂಟೆ ಬೇಕು. ಯುಎಸ್‌ಬಿ 3.0 ಕಿಂಡಿ ಇದಕ್ಕಿಂತ ಎಷ್ಟೋ ವೇಗದ್ದಾದರೂ ಡಿಸ್ಕಿನ ತಟ್ಟೆಗಳೇ ನಿಧಾನವಾಗಿ ತಿರುಗುವುದರಿಂದ ವೇಗ ಸೆಕೆಂಡಿಗೆ ನೂರು ಮೆಗಾಬೈಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾಲುವೆ ಎಷ್ಟು ಅಗಲವಾದರೇನು, ತೂಬು ಬಿಟ್ಟಷ್ಟೇ ನೀರು. ಪೆನ್‌ಡ್ರೈವನ್ನೇ ನೆಚ್ಚಿಕೊಂಡವರಿಗೆ ಇನ್ನೊಂದು ಅಡ್ಡಿಯಿದೆ: ಎಫ್‌ಎಟಿ32 ಎಂಬ ಹಳೆಯ ಕ್ರಮದಲ್ಲಿ ಸಿದ್ಧಪಡಿಸಿದ ಡ್ರೈವಿನಲ್ಲಿ ಎಷ್ಟೇ ಜಾಗವಿದ್ದರೂ 4 ಗಿಗಾಬೈಟ್ ಮೀರಿದ ಒಂದೇ ಕಡತ, ಉದಾಹರಣೆಗೆ ಮದುವೆಯ ವಿಡಿಯೊ, ಹಿಡಿಯುವುದಿಲ್ಲ.

ಎರಡನೆಯ ತೊಡಕು ಬೀಗದ್ದು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ವ್ಯವಸ್ಥೆ ಎಷ್ಟೋ ಸಲ ಬಳಕೆದಾರರ ಗಮನಕ್ಕೆ ಬಾರದೆಯೇ ಜಾರಿಯಲ್ಲಿರುತ್ತದೆ. ಅಂತಹ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ ಅದು 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳುವುದರಿಂದ, ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕ್ಷೇಮ. ಲೆಕ್ಕದ ತಂತ್ರಾಂಶಗಳ ಸ್ಥಿತಿಯೂ ಇಂಥದೇ. ಬೆಂಗಳೂರಿನಲ್ಲಿ ರೂಪುಗೊಂಡ ಟ್ಯಾಲಿಯನ್ನು ಬಳಸುವ ಅಂಗಡಿಕಾರರು ಡಾಕ್ಯುಮೆಂಟ್ಸ್ ಫೋಲ್ಡರನ್ನು ಮಾತ್ರ ನಕಲು ಮಾಡಿಕೊಂಡರೆ ಬೇರೆಡೆ ಕುಳಿತಿರುವ ಲೆಕ್ಕದ ದತ್ತಾಂಶ ಹಿಂದೆಯೇ ಉಳಿಯಬಹುದು. ಜೊತೆಗೆ ಅದರ ಪರವಾನಗಿಯನ್ನು ಹಳೆಯ ಯಂತ್ರದಿಂದ ಬಿಟ್ಟುಕೊಟ್ಟ ಬಳಿಕವೇ ಹೊಸದರಲ್ಲಿ ಚಾಲನೆಗೊಳಿಸುವುದು ಕ್ರಮ.

ಕನ್ನಡದಲ್ಲಿ ಬರೆಯುವವರಿಗೆ ಇವೆಲ್ಲಕ್ಕಿಂತ ದೊಡ್ಡ ತೊಡಕು ಅಕ್ಷರದ್ದೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಥೆ, ಕರಪತ್ರ, ಸಂಘದ ನಡಾವಳಿಗಳು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ: ಅಲ್ಲಿ 'ಕ' ಎಂದು ಕಾಣುವುದು ವಾಸ್ತವವಾಗಿ ಇಂಗ್ಲಿಷಿನ 'ಪಿ' ಅಕ್ಷರ ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ 'ಎ' ಅಕ್ಷರಗಳ ಜೋಡಿಯಾಗಿ ದಾಖಲಾಗಿದ್ದು, ಫಾಂಟು ಆ ಜೋಡಿಗೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಕಡತ ಮಾತ್ರ ಬಂದು ಫಾಂಟು ಬಾರದಿದ್ದರೆ ವೇಷ ಕಳಚಿ, ಇಡೀ ಪುಟ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿಬಿಡುವ ಅನರ್ಥಕ್ಕೆ ಇದೇ ಮೂಲ. ಯುನಿಕೋಡ್ ಕ್ರಮದಲ್ಲಾದರೋ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಕೇರಿ ಮೀಸಲಾಗಿದ್ದು, ಪ್ರತಿಯೊಂದು ಅಕ್ಷರಕ್ಕೂ ಅಲ್ಲಿ ಸ್ವಂತ ಸಂಖ್ಯೆಯಿರುವುದರಿಂದ ಹಾಗೆ ಬರೆದ ಬರಹ ಕನ್ನಡ ಬಲ್ಲ ಯಾವ ಯಂತ್ರದಲ್ಲಾದರೂ ಕನ್ನಡವಾಗಿಯೇ ಉಳಿಯುತ್ತದೆ.

ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆಯಾದರೂ ಅವುಗಳ ಕೆಲಸ ತೋರುವಷ್ಟು ಸರಳವಲ್ಲ. 'ಧರ್ಮ' ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ 'ಮ'ಕಾರದ ನಂತರ ಕಾಣುತ್ತದೆ, ಹಳೆಯ ಫಾಂಟು ಅದನ್ನು ಆ ಸ್ಥಾನದಲ್ಲೇ ದಾಖಲಿಸುತ್ತದೆ. ಯುನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುವುದರಿಂದ ಅಲ್ಲಿ ರೇಫ ಮೊದಲು ಬರಬೇಕು, ಹೀಗಾಗಿ ಪರಿವರ್ತಕವು ಅಕ್ಷರಗಳನ್ನು ಬದಲಿಸುವುದರ ಜೊತೆಗೆ ಸರದಿಯನ್ನೂ ತಿರುವಿಹಾಕಬೇಕಾಗುತ್ತದೆ. ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಫಾಂಟಿನ ಅರಿವಿಲ್ಲದ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ವಿಚಿತ್ರ ಶಬ್ದಗಳನ್ನು ಸೃಷ್ಟಿಸುತ್ತದೆ. ಆದ್ದರಿಂದ ಪರಿವರ್ತಿತ ಪ್ರತಿಯನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸುವವರೆಗೆ ಹಳೆಯ ಕಡತವನ್ನೂ ಅದರ ಫಾಂಟುಗಳನ್ನೂ ಒಂದೇ ಫೋಲ್ಡರಿನಲ್ಲಿ ಕಾದಿಡುವುದು ಯುಕ್ತ.

ಎಲ್ಲವೂ ಹೊಸ ಯಂತ್ರದಲ್ಲಿ ತೆರೆಯುತ್ತದೆಂದು ಖಚಿತವಾದ ಮೇಲೆ ಹಳೆಯದನ್ನು ಮಾರುವ ಪ್ರಶ್ನೆ ಬರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ಹೋಗುವುದು ಪುಸ್ತಕದ ವಿಷಯಸೂಚಿಯ ಒಂದು ಸಾಲಿನಂತಹ ಗುರುತೇ ಹೊರತು ಪುಟವಲ್ಲ. ಮತ್ತೊಂದು ಮಾಹಿತಿ ಅದೇ ಜಾಗದಲ್ಲಿ ಬರೆಯಲ್ಪಡುವವರೆಗೆ ಅದನ್ನು ಮರಳಿ ಪಡೆಯಬಹುದಾದ್ದರಿಂದ, ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಸದೆ ಅದನ್ನು ಕೈಬಿಡಬಾರದು. ಮಾರದೆ ಕಪಾಟಿನಲ್ಲಿ ಇಟ್ಟುಕೊಳ್ಳುವವರಿಗೆ ಅದೇ ಡಿಸ್ಕು ಎರಡನೆಯ ಪ್ರತಿಯಾಗಿ ಒದಗುತ್ತದೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಎಸ್‌ಎಸ್‌ಡಿಯ ಕೋಶಗಳಿಂದ ವಿದ್ಯುದಾವೇಶ ಮೆಲ್ಲಮೆಲ್ಲನೆ ಸೋರಿಹೋಗುವುದರಿಂದ, ಈ ಒಂದು ಕೆಲಸಕ್ಕೆ ತಿರುಗುವ ತಟ್ಟೆಯ ಹಳೆಯ ಪೆಟ್ಟಿಗೆಯೇ ಮೇಲು.