ಜಜ್ಜಿದಾಗಷ್ಟೇ ಹುಟ್ಟುವ ಘಾಟು

ಸುಲಿದ ಬೆಳ್ಳುಳ್ಳಿಯ ಎಸಳೊಂದನ್ನು ಮೂಗಿನ ಬಳಿ ಹಿಡಿದು ನೋಡಿ. ಹೇಳಿಕೊಳ್ಳುವಂಥ ವಾಸನೆಯೇನೂ ಇರುವುದಿಲ್ಲ. ಅದನ್ನೇ ಒರಳಿಗೆ ಹಾಕಿ ಒಮ್ಮೆ ಜಜ್ಜಿದರೆ ಘಾಟು ಪಡಸಾಲೆಯವರೆಗೂ ಹಬ್ಬುತ್ತದೆ. ಅಲ್ಲಿಯವರೆಗೆ ಆ ವಾಸನೆ ಎಲ್ಲಿ ಅಡಗಿತ್ತು? ಎಲ್ಲಿಯೂ ಇಲ್ಲ. ಅದು ಹುಟ್ಟಿದ್ದೇ ಜಜ್ಜಿದ ಮೇಲೆ!

ಬೆಳ್ಳುಳ್ಳಿಯ ಜೀವಕೋಶಗಳಲ್ಲಿ ಅಲಿಯಿನ್ ಎಂಬ ಗಂಧಕಯುಕ್ತ ವಸ್ತುವಿದೆ. ಇದಕ್ಕೆ ವಾಸನೆಯಿಲ್ಲ. ಅಲಿಯಿನೇಸ್ ಎಂಬ ಕಿಣ್ವವೂ ಅಲ್ಲಿದೆ, ಆದರೆ ಬೇರೆ ಕೋಣೆಯಲ್ಲಿ. ಜಜ್ಜಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ. ಕ್ಷಣಗಳಲ್ಲಿ ಅಲಿಸಿನ್ ತಯಾರಾಗುತ್ತದೆ. ಘಾಟಿಗೆ ಇದೇ ಮೂಲ. ಅಮೆರಿಕದ ಕ್ಯಾವಲ್ಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು 1944ರಲ್ಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಇದು ತಡೆಯುತ್ತದೆಂದು ತೋರಿಸಿದರು. ಕಚ್ಚಲು ಬಂದ ಕೀಟಗಳಿಂದ ಪಾರಾಗಲು ಗಿಡ ಹೂಡಿದ ಉಪಾಯವಿದು.

ಅಡುಗೆಮನೆಯ ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿರಿಯರ ನೆರವಿನಿಂದ ಒಂದು ಇಡೀ ಎಸಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಆರಿದ ಮೇಲೆ ಜಜ್ಜಿ. ಪಕ್ಕದಲ್ಲೇ ಹಸಿ ಎಸಳೊಂದನ್ನು ಜಜ್ಜಿ. ಬೆಂದದ್ದರಲ್ಲಿ ಆ ಘಾಟು ಇರದು. ಶಾಖಕ್ಕೆ ಕಿಣ್ವ ನಾಶವಾಗಿರುತ್ತದೆ.

ನಮ್ಮ ಅಡುಗೆಯ ರುಚಿಭೇದವೂ ಇದರಲ್ಲೇ ಇದೆ. ಒಗ್ಗರಣೆಯಲ್ಲಿ ಕೆಂಪಗಾದ ಇಡೀ ಎಸಳು ಮೃದುವಾಗಿ ತುಸು ಸಿಹಿಯಾಗುತ್ತದೆ. ರೊಟ್ಟಿಯ ಜೊತೆಗಿನ ಹಸಿ ಬೆಳ್ಳುಳ್ಳಿ–ಕೆಂಪು ಮೆಣಸಿನಕಾಯಿ ಚಟ್ನಿ ನಾಲಿಗೆ ಚುರುಗುಟ್ಟಿಸುತ್ತದೆ. ಸಾರಿಗೆ ಹಾಕುವವರು ಜಜ್ಜಿದ ಮೇಲೆ ಹತ್ತು ನಿಮಿಷ ಬಿಟ್ಟು ಹಾಕುವುದು ಒಳ್ಳೆಯದು. ಕಿಣ್ವ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ. ಬೆಳ್ಳುಳ್ಳಿ ಬಳಸದ ಮನೆಗಳೂ ಉಂಟು. ಅಲ್ಲಿ ಬಳಸುವ ಇಂಗಿನ ವಾಸನೆಗೂ ಗಂಧಕದ ಸಂಯುಕ್ತಗಳೇ ಕಾರಣವೆಂಬುದು ಸ್ವಾರಸ್ಯಕರ!

ಆರೋಗ್ಯಕ್ಕೆ ಎಷ್ಟು?

ರಕ್ತದೊತ್ತಡ ಹೆಚ್ಚಿರುವವರಲ್ಲಿ ಬೆಳ್ಳುಳ್ಳಿ ಅದನ್ನು ಸ್ವಲ್ಪ ಇಳಿಸಬಲ್ಲದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಕೊಲೆಸ್ಟರಾಲ್ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 192 ಮಂದಿಯನ್ನು ನಾಲ್ಕು ಗುಂಪು ಮಾಡಿ, ಹಸಿ ಬೆಳ್ಳುಳ್ಳಿ, ಎರಡು ಬಗೆಯ ಬೆಳ್ಳುಳ್ಳಿ ಗುಳಿಗೆ ಹಾಗೂ ಹುಸಿ ಗುಳಿಗೆಯನ್ನು ಆರು ತಿಂಗಳು ಕೊಟ್ಟರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೆಟ್ಟ ಕೊಲೆಸ್ಟರಾಲ್ ಗಮನಾರ್ಹವಾಗಿ ಇಳಿಯಲಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ತಡೆಯುವುದೇ ಬೇರೆ, ಮನುಷ್ಯನ ದೇಹದೊಳಗೆ ರೋಗ ಗುಣಪಡಿಸುವುದೇ ಬೇರೆ.

ಆದ್ದರಿಂದ ಬೆಳ್ಳುಳ್ಳಿಯನ್ನು ನಂಬಿ ರಕ್ತದೊತ್ತಡದ ಮಾತ್ರೆ ನಿಲ್ಲಿಸುವುದು ಅಪಾಯಕರ. ರಕ್ತ ಹೆಪ್ಪುಗಟ್ಟುವುದನ್ನು ಇದು ನಿಧಾನಿಸುವುದರಿಂದ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರೂ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರೂ ಬೆಳ್ಳುಳ್ಳಿಯ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ತಾಯಂದಿರು ನೆನಪಿಡಬೇಕಾದ ಇನ್ನೆರಡು ಮಾತುಗಳಿವೆ. ಹಸಿ ಬೆಳ್ಳುಳ್ಳಿಯನ್ನು ಅರೆದು ಮಕ್ಕಳ ಎದೆಗೋ ಪಾದಕ್ಕೋ ಕಟ್ಟಬಾರದು. ಎಳೆಯ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಬರಿಯ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ದಿನಗಟ್ಟಲೆ ಹೊರಗಿಡುವುದೂ ಸಲ್ಲದು. ಗಾಳಿಯಿಲ್ಲದ ಅಲ್ಲಿ ಬಾಟುಲಿಸಂ ರೋಗದ ಬ್ಯಾಕ್ಟೀರಿಯಾ ವಿಷ ತಯಾರಿಸಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಹೀಗಾಗಿ ಹಲವರು ಕಾಯಿಲೆ ಬಿದ್ದಿದ್ದರು. ಉಪ್ಪು, ಹುಳಿ ಸಾಕಷ್ಟಿರುವ ನಮ್ಮ ಉಪ್ಪಿನಕಾಯಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯದು.

ಊಟವಾದ ಮೇಲೂ ಬಾಯಿ ವಾಸನೆ ಬಿಡುವುದಿಲ್ಲವೆಂದು ಮಕ್ಕಳು ದೂರುವುದುಂಟು. ಹಲ್ಲುಜ್ಜಿದರೆ ಅದು ಪೂರ್ತಿ ಹೋಗದು. ಗಂಧಕದ ಸಂಯುಕ್ತವೊಂದು ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಬರುತ್ತಿರುತ್ತದೆ. ಊಟದ ಜೊತೆಗೆ ಒಂದು ಲೋಟ ಹಾಲು ಕುಡಿದರೆ ವಾಸನೆ ತಗ್ಗುತ್ತದೆ.

ನಾಲ್ಕು ಎಸಳು ಸಾರಿಗಿರಲಿ, ಎರಡು ಚಟ್ನಿಗಿರಲಿ. ಜ್ವರ ಬಂದರೆ ಮಾತ್ರ ವೈದ್ಯರ ಬಳಿಗೇ ಹೋಗೋಣ.