ಭಯಕ್ಕೂ ಬೇಕು ತಾಲೀಮು

ಪರೀಕ್ಷೆಯ ಹಿಂದಿನ ರಾತ್ರಿ ಬೀಳುವ ಕನಸಿನಲ್ಲಿ ಬಸ್ಸು ತಪ್ಪಿಹೋಗಿರುತ್ತದೆ, ಹಾಲ್ ಟಿಕೆಟ್ ಮನೆಯಲ್ಲೇ ಉಳಿದಿರುತ್ತದೆ, ಇಲ್ಲವೇ ಓದಿದ್ದೊಂದೂ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ. ಸಿಇಟಿ, ನೀಟ್ ಬರೆಯುವ ನಮ್ಮ ಮಕ್ಕಳ ಪಾಡು ಮಾತ್ರ ಇದು ಎಂದುಕೊಳ್ಳಬೇಕಿಲ್ಲ. ಪ್ಯಾರಿಸ್ಸಿನ ನಿದ್ರಾತಜ್ಞೆ ಇಸಾಬೆಲ್ ಆರ್ನುಲ್ಫ್ ಮತ್ತು ಸಂಗಡಿಗರು ಅಲ್ಲಿ ವೈದ್ಯಕೀಯ ಶಿಕ್ಷಣದ ಸ್ಪರ್ಧಾ ಪರೀಕ್ಷೆ ಬರೆದವರನ್ನು ಅವರ ಕನಸುಗಳ ಬಗ್ಗೆ ಕೇಳಿದರು. ಉತ್ತರ ಕೊಟ್ಟ 719 ವಿದ್ಯಾರ್ಥಿಗಳಲ್ಲಿ ಶೇ 60ರಷ್ಟು ಮಂದಿಗೆ ಹಿಂದಿನ ರಾತ್ರಿ ಪರೀಕ್ಷೆಯದೇ ಕನಸು ಬಿದ್ದಿತ್ತು. ಆ ಕನಸುಗಳಲ್ಲಿ ಶೇ 78ರಲ್ಲಿ ಏನಾದರೊಂದು ಎಡವಟ್ಟು ಆಗಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಸಂಗತಿ ಇನ್ನೊಂದಿದೆ. ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಯಾರಿಗೆ ಪರೀಕ್ಷೆಯ ಕನಸುಗಳು ಹೆಚ್ಚು ಬಿದ್ದಿದ್ದವೋ ಅವರೇ ಪರೀಕ್ಷೆಯಲ್ಲಿಯೂ ಮುಂದಿದ್ದರು. ಕನಸೇ ಅಂಕ ತಂದುಕೊಟ್ಟಿತು ಎಂದು ಇದರಿಂದ ಹೇಳಲಾಗದು. ಪರೀಕ್ಷೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಹೆಚ್ಚು ಓದಿರಬಹುದು, ಹೆಚ್ಚು ಕನಸನ್ನೂ ಕಂಡಿರಬಹುದು. ಆದರೆ ಕನಸಿನಲ್ಲಿ ನಪಾಸಾದವರು ನಿಜದಲ್ಲೂ ನಪಾಸಾಗುತ್ತಾರೆ ಎಂಬ ಅಂಜಿಕೆಯನ್ನು ಬಿಡಲು ಇಷ್ಟು ಸಾಕು.

ಹಾಗಾದರೆ ಮಿದುಳು ನಮ್ಮನ್ನು ರಾತ್ರಿಯ ಹೊತ್ತು ಹೆದರಿಸುವುದೇಕೆ? ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಸರಸರ ಓಡಾಡುವ ರೆಮ್ ನಿದ್ದೆಯನ್ನು 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಎದ್ದುಕಾಣುವ, ಕತೆಯಂತೆ ಸಾಗುವ ಕನಸುಗಳು ಹೆಚ್ಚಾಗಿ ಬೀಳುವುದು ಆ ನಿದ್ದೆಯಲ್ಲಿ, ಅದರಲ್ಲೂ ಬೆಳಗಿನ ಜಾವದ ಕಡೆಗೆ. ಆಗ ಮಿದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲ ಚುರುಕಾಗಿರುತ್ತದೆ, ತರ್ಕಕ್ಕೂ ಯೋಜನೆಗೂ ಬೇಕಾದ ಹಣೆಯ ಹಿಂದಿನ ಕೆಲವು ಭಾಗಗಳು ತಣ್ಣಗಾಗಿರುತ್ತವೆ ಎಂಬುದನ್ನು 1996ರಲ್ಲಿ ಪಿಯರ್ ಮಾಕೆ ಅವರ ತಂಡ ಮಿದುಳಿನ ಚಿತ್ರಣದಿಂದ ತೋರಿಸಿತು. ಕೈಕಾಲುಗಳ ಸ್ನಾಯುಗಳಿಗೆ ಆ ಹೊತ್ತಿನಲ್ಲಿ ಬೀಗ ಬಿದ್ದಿರುತ್ತದೆ. ಫ್ರಾನ್ಸ್‌ನ ಮಿಷೆಲ್ ಜುವೆ ಬೆಕ್ಕುಗಳ ಮಿದುಳುಕಾಂಡದಲ್ಲಿ ಈ ಬೀಗ ಹಾಕುವ ಭಾಗವನ್ನು ಕೆಡಿಸಿ ನೋಡಿದಾಗ, ನಿದ್ದೆಯಲ್ಲಿದ್ದ ಬೆಕ್ಕುಗಳು ಎದ್ದು, ಎದುರಿಗೆ ಏನೂ ಇಲ್ಲದಿದ್ದರೂ ಮೇಲೆರಗಿದವು. ಮನುಷ್ಯರಲ್ಲೂ ಈ ಬೀಗ ಸಡಿಲವಾಗುವ ಒಂದು ಕಾಯಿಲೆ ಇದೆ. ಅದನ್ನು 1986ರಲ್ಲಿ ಅಮೆರಿಕದ ಶೆಂಕ್ ಮತ್ತು ಮಹೋವಾಲ್ಡ್ ವಿವರಿಸಿದರು. ಅಂಥವರು ನಿದ್ದೆಯಲ್ಲೇ ಗುದ್ದುತ್ತಾರೆ, ಒದೆಯುತ್ತಾರೆ. ಎಬ್ಬಿಸಿ ಕೇಳಿದರೆ ಯಾರೋ ಮೇಲೆ ಬಿದ್ದಿದ್ದರು, ತಡೆಯುತ್ತಿದ್ದೆ ಎನ್ನುತ್ತಾರೆ. ಆರೋಗ್ಯವಂತರ ಕನಸುಗಳೂ ಬಹಳ ಬೇರೆಯಲ್ಲ. ಹಾಲ್ ಮತ್ತು ವಾನ್ ಡಿ ಕ್ಯಾಸಲ್ 1966ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ 1,000 ಕನಸುಗಳನ್ನು ವಿಂಗಡಿಸಿದಾಗ ಅದೃಷ್ಟಕ್ಕಿಂತ ದುರದೃಷ್ಟದ ಪ್ರಸಂಗಗಳೇ ಎಷ್ಟೋ ಪಾಲು ಹೆಚ್ಚಿದ್ದವು.

ಈ ಒಲವಿಗೆ ಕಾರಣ ಹುಡುಕಿದವರಲ್ಲಿ ಫಿನ್‌ಲೆಂಡಿನ ಆಂಟಿ ರೆವೊನ್ಸುವೊ ಪ್ರಮುಖರು. ಅವರು 2000ರಲ್ಲಿ ಮಂಡಿಸಿದ ವಾದ ಇದು: ಕಾಡುಮೃಗ, ಶತ್ರು, ಬೆಂಕಿ, ನೆರೆಗಳ ನಡುವೆ ಬದುಕಿದ ನಮ್ಮ ಪೂರ್ವಿಕರಿಗೆ ಕನಸು ಒಂದು ತಾಲೀಮಿನ ಅಂಗಳವಾಗಿತ್ತು, ಅಲ್ಲಿ ಅಪಾಯವನ್ನು ಮತ್ತೆ ಮತ್ತೆ ಎದುರಿಸಿ ಪಳಗಿದವರು ಉಳಿದರು, ಅವರ ಸಂತತಿ ಬೆಳೆಯಿತು. ಈ ವಾದದ ಪ್ರಕಾರ, ನಿಜಜೀವನದಲ್ಲಿ ಅಪಾಯ ಕಂಡವರಿಗೆ ಅಪಾಯದ ಕನಸು ಹೆಚ್ಚು ಬೀಳಬೇಕು. ಕತ್ಯಾ ವಾಲಿ, ರೆವೊನ್ಸುವೊ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆಯೇ ಕಂಡಿತು. ಉತ್ತರ ಇರಾಕಿನಲ್ಲಿ ಹಿಂಸೆಯನ್ನು ಕಣ್ಣಾರೆ ಕಂಡ ಕುರ್ದಿಷ್ ಮಕ್ಕಳ ಕನಸುಗಳಲ್ಲಿ ಅಪಾಯಗಳು ಹೆಚ್ಚು, ಅವು ಉಗ್ರವಾಗಿಯೂ ಇದ್ದವು. ನೆಮ್ಮದಿಯಲ್ಲಿ ಬೆಳೆದ ಫಿನ್ನಿಷ್ ಮಕ್ಕಳ ಕನಸುಗಳಲ್ಲಿ ಕಡಿಮೆ.

ಇಲ್ಲಿಗೇ ನಿಲ್ಲಿಸಿದರೆ ಕತೆ ಸೊಗಸಾಗಿರುತ್ತದೆ, ಆದರೆ ಪುರಾವೆ ಹಾಗೆ ನಿಲ್ಲಲು ಬಿಡುವುದಿಲ್ಲ. ದಕ್ಷಿಣ ಆಫ್ರಿಕಾದ ಸೂಸನ್ ಮಾಲ್ಕಮ್-ಸ್ಮಿತ್, ಮಾರ್ಕ್ ಸೋಮ್ಸ್ ಮತ್ತಿತರರು ಅಪರಾಧ ವಿಪರೀತವಿರುವ ಕೇಪ್‌ಟೌನಿನವರ ಕನಸುಗಳನ್ನು ಶಾಂತವಾದ ಉತ್ತರ ವೇಲ್ಸ್‌ನವರ ಕನಸುಗಳೊಡನೆ ಹೋಲಿಸಿದರು. ಜೀವಕ್ಕೇ ಕುತ್ತು ತರುವ ಘಟನೆಗಳನ್ನು ಹೆಚ್ಚು ಕಂಡವರು ಕೇಪ್‌ಟೌನಿನವರು. ಅಪಾಯದ ಕನಸು ಹೆಚ್ಚು ಬಿದ್ದದ್ದು ಅವರಿಗಲ್ಲ. ಅಷ್ಟೇ ಅಲ್ಲದೆ, ಕನಸಿನಲ್ಲಿ ಅಪಾಯ ಬಂದಾಗ ನಿಜಕ್ಕೂ ಫಲಕೊಡುವ ರೀತಿಯಲ್ಲಿ ತಪ್ಪಿಸಿಕೊಂಡವರು ತೀರ ವಿರಳ. ಇದು ನಮ್ಮೆಲ್ಲರ ಅನುಭವಕ್ಕೂ ಹೊಂದುತ್ತದೆ. ಕನಸಿನಲ್ಲಿ ಓಡಲು ಕಾಲು ಏಳುವುದಿಲ್ಲ, ಕೂಗಲು ದನಿ ಹೊರಡುವುದಿಲ್ಲ, ಬಾಯಲ್ಲಿನ ಹಲ್ಲುಗಳು ಒಂದೊಂದಾಗಿ ಉದುರುತ್ತವೆ. ತಪ್ಪಿಸಿಕೊಳ್ಳುವ ಉಪಾಯವನ್ನು ಕಲಿಸುವ ಶಾಲೆ ಇದೇ ಆಗಿದ್ದರೆ, ಅದರ ಪಾಠ ಬಹಳ ಕಳಪೆ ಎನ್ನಬೇಕಾಗುತ್ತದೆ.

ಆದ್ದರಿಂದ ತಾಲೀಮಿನ ವಿಚಾರವನ್ನು ಇಟ್ಟುಕೊಂಡು, ತಾಲೀಮು ಯಾವುದಕ್ಕೆ ಎಂಬುದನ್ನು ಬದಲಿಸಿಕೊಳ್ಳಬೇಕೆಂದು ನನ್ನ ವಾದ. ಕೆಟ್ಟ ಕನಸು ಪಳಗಿಸುವುದು ನಮ್ಮ ಓಟವನ್ನಲ್ಲ, ಭಯವನ್ನು. ನೆನಪಿನೊಂದಿಗೆ ಅಂಟಿಕೊಂಡ ಭಯವನ್ನು ಮಿದುಳು ಬಿಡಿಸಿ, ಬೇರೆ ಬೇರೆ ಸಂದರ್ಭಗಳಲ್ಲಿ ಇಟ್ಟು ನೋಡಿ, ಅದರ ಮೊನೆಯನ್ನು ಮೊಂಡಾಗಿಸುತ್ತದೆ ಎಂಬ ವಿವರಣೆಯನ್ನು ರಾಸ್ ಲೆವಿನ್ ಮತ್ತು ಟೋರ್ ನೀಲ್ಸನ್ 2007ರಲ್ಲಿ ವಿಸ್ತಾರವಾಗಿ ಕೊಟ್ಟರು. ಹೀಗೆ ನೋಡಿದರೆ ಕನಸಿನ ಅಸಂಬದ್ಧತೆಯೂ ಅರ್ಥವಾಗುತ್ತದೆ: ಬಿದ್ದ ಏಟನ್ನೇ ಮತ್ತೆ ತೋರಿಸಿದರೆ ಗಾಯ ಕೆದಕಿದಂತಾಗುತ್ತದೆ, ಆದರೆ ಅದೇ ಅಂಜಿಕೆ ಗುರುತಿಲ್ಲದ ಊರಿನಲ್ಲಿ, ಬೇರೆ ಮುಖಗಳ ನಡುವೆ ಬಂದರೆ ಹಳೆಯ ಘಟನೆಯ ಹಿಡಿತ ಸಡಿಲವಾಗುತ್ತದೆ. ರೆಮ್ ನಿದ್ದೆಯಲ್ಲಿ ಮಿದುಳಿನ ನಾರ್‌ಅಡ್ರಿನಲಿನ್ ಬಹುಮಟ್ಟಿಗೆ ಇಳಿದಿರುತ್ತದೆ. ಎಚ್ಚರದಲ್ಲಿ ನಮ್ಮನ್ನು ಉದ್ವೇಗಕ್ಕೆ ತಳ್ಳುವ ರಾಸಾಯನಿಕ ಅದು. ಅದಿಲ್ಲದ ಹೊತ್ತಿನಲ್ಲಿ ಭಯದ ನೆನಪನ್ನು ಮತ್ತೆ ತೆರೆದು ನೋಡುವುದು ಸುರಕ್ಷಿತ ಎಂದು ಮ್ಯಾಥ್ಯೂ ವಾಕರ್ ಅವರಂಥ ವಿಜ್ಞಾನಿಗಳು ವಾದಿಸುತ್ತಾರೆ. ಜಿನೀವಾದ ಲ್ಯಾಂಪ್ರೊಸ್ ಪೆರೊಗಾಮ್‌ವ್ರೊಸ್ ಮತ್ತಿತರರು 2019ರಲ್ಲಿ ಇದಕ್ಕೆ ಒಳ್ಳೆಯ ಬೆಂಬಲ ಒದಗಿಸಿದರು. 89 ಮಂದಿ ತಮ್ಮ ಕನಸುಗಳನ್ನು ಬರೆದಿಟ್ಟರು, ಅನಂತರ ಎಚ್ಚರದಲ್ಲಿ ಅವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಲಾಯಿತು. ಕನಸಿನಲ್ಲಿ ಹೆಚ್ಚು ಹೆದರಿದವರ ಅಮಿಗ್ಡಲ ಆ ಚಿತ್ರಗಳಿಗೆ ಕಡಿಮೆ ತಲ್ಲಣಿಸಿತು. ಅದನ್ನು ಹತೋಟಿಯಲ್ಲಿಡುವ ಮುಂಭಾಗದ ಮಿದುಳು ಹೆಚ್ಚು ಕೆಲಸ ಮಾಡಿತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಬೆಳಗಾಗುವಷ್ಟರಲ್ಲಿ ಮರೆತುಹೋಗುವ ಕನಸಿನಿಂದ ಏನು ಕಲಿತಂತಾಯಿತು ಎಂಬುದು ಮೊದಲನೆಯದು. ಭಾವನೆಯ ಕಲಿಕೆಗೆ ನೆನಪು ಬೇಕೇಬೇಕೆಂದಿಲ್ಲ. ಸ್ವಿಸ್ ವೈದ್ಯ ಎಡ್ವರ್ಡ್ ಕ್ಲಪಾರೆದ್ 1911ರಲ್ಲಿ ವರದಿ ಮಾಡಿದ, ನೆನಪು ಉಳಿಯದ ರೋಗಿಯೊಬ್ಬಳು, ಕೈಕುಲುಕುವಾಗ ಅವರು ಬೆರಳ ಸಂದಿಯಲ್ಲಿ ಅಡಗಿಸಿದ್ದ ಗುಂಡುಸೂಜಿ ಚುಚ್ಚಿದ ಬಳಿಕ, ಕಾರಣ ಹೇಳಲಾರದಿದ್ದರೂ ಮತ್ತೆ ಕೈ ಚಾಚಲು ಹಿಂಜರಿದಳು. ಭಯ ಹೀಗೆ ನೆನಪಿಲ್ಲದೆಯೂ ಕೂರುವುದಾದರೆ, ನೆನಪಿಲ್ಲದೆಯೇ ಇಳಿಯಲೂಬಹುದು. ಎರಡನೆಯ ಆಕ್ಷೇಪ ತತ್ತ್ವಜ್ಞಾನಿ ಓವನ್ ಫ್ಲಾನಗನ್ ಅವರದು: ನಿದ್ದೆಗೆ ಪ್ರಯೋಜನವಿದೆ, ಕನಸು ಬರೀ ಅದರ ಉಪಫಲ. ಇದನ್ನು ಪೂರ್ತಿ ತಳ್ಳಿಹಾಕಲು ಆಗದು. ಜಿನೀವಾದ ಫಲಿತಾಂಶವೂ ಎರಡು ಸಂಗತಿಗಳು ಜೊತೆಯಾಗಿ ಇರುವುದನ್ನು ತೋರಿಸುತ್ತದೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸುವುದಿಲ್ಲ. ಆದರೆ ಕನಸಿನ ಕತೆಯನ್ನು ಬದಲಿಸಿದರೆ ಎಚ್ಚರದ ಬದುಕೂ ಬದಲಾಗುತ್ತದೆ ಎಂದಾದರೆ, ಅದು ಕೇವಲ ಉಪಫಲ ಎನ್ನುವುದು ಕಷ್ಟ.

ಹಾಗೆ ಬದಲಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿರುವುದು ಚಿಕಿತ್ಸೆಯಿಂದ. ಸಂಶೋಧಕರು ಬರೀ ಕೆಟ್ಟ ಕನಸನ್ನೂ, ಬೆಚ್ಚಿ ಎಚ್ಚರವಾಗಿಸುವ ದುಃಸ್ವಪ್ನವನ್ನೂ ಬೇರೆಮಾಡುತ್ತಾರೆ. ಈ ಭೇದ ನನ್ನ ವಾದಕ್ಕೆ ಬಹಳ ಮುಖ್ಯ. ಕೆಟ್ಟ ಕನಸು ಹೇಗೋ ಒಂದು ಕೊನೆ ಮುಟ್ಟುತ್ತದೆ. ದುಃಸ್ವಪ್ನದಲ್ಲಿ ಭಯ ಮಿತಿಮೀರಿ ನಿದ್ದೆಯೇ ಒಡೆಯುತ್ತದೆ, ತಾಲೀಮು ಅರ್ಧಕ್ಕೆ ನಿಲ್ಲುತ್ತದೆ, ಮರುರಾತ್ರಿ ಅದೇ ಅಂಕದಿಂದ ಮತ್ತೆ ಶುರುವಾಗುತ್ತದೆ. ಯುದ್ಧ, ಅತ್ಯಾಚಾರ, ಅಪಘಾತಗಳಿಂದ ಪಾರಾದವರನ್ನು ವರ್ಷಗಟ್ಟಲೆ ಕಾಡುವುದು ಇಂಥ ಕನಸೇ. ಅದು ಯಾವುದಕ್ಕೂ ಸಿದ್ಧಗೊಳಿಸುವುದಿಲ್ಲ, ಬರೀ ಬಳಲಿಸುತ್ತದೆ. ಅಮೆರಿಕದ ಬ್ಯಾರಿ ಕ್ರಾಕೊ ಮತ್ತು ಸಂಗಡಿಗರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸರಳ ವಿಧಾನವನ್ನು ಪರೀಕ್ಷಿಸಿದರು. ಹಗಲಿನಲ್ಲಿ ಕನಸಿನ ಕತೆಯನ್ನು ತಮಗೆ ಬೇಕಾದಂತೆ ತಿದ್ದಿ, ಹೊಸ ಕತೆಯನ್ನು ದಿನಕ್ಕೆ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು. ದುಃಸ್ವಪ್ನಗಳು ಇಳಿದವು, ನಿದ್ದೆ ಸುಧಾರಿಸಿತು, ಹಗಲಿನ ಆಘಾತದ ಲಕ್ಷಣಗಳೂ ಕಡಿಮೆಯಾದವು. 2022ರಲ್ಲಿ ಜಿನೀವಾದವರು 36 ರೋಗಿಗಳಿಗೆ ಇದೇ ವಿಧಾನವನ್ನು ಕಲಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಹೊಸ ಕತೆಯನ್ನು ಕಲ್ಪಿಸಿಕೊಳ್ಳುವಾಗ ಒಂದು ಪಿಯಾನೊ ಸ್ವರವನ್ನು ಕೇಳಿದ್ದರು. ರೆಮ್ ನಿದ್ದೆಯಲ್ಲಿ ಅದೇ ಸ್ವರವನ್ನು ಕೇಳಿಸಿದಾಗ ಅವರ ದುಃಸ್ವಪ್ನಗಳು ಉಳಿದವರಿಗಿಂತ ಹೆಚ್ಚು ತಗ್ಗಿದವು. ತಾಂಜಾನಿಯಾದ ಹಾಡ್ಜಾ ಮತ್ತು ಕಾಂಗೋದ ಬಾಯಾಕಾ ಜನರ ಕನಸುಗಳ ಬಗ್ಗೆ ಡೇವಿಡ್ ಸ್ಯಾಮ್ಸನ್ ಮತ್ತಿತರರು 2023ರಲ್ಲಿ ಹೇಳಿದ್ದೂ ಇದರೊಂದಿಗೆ ಸೇರುತ್ತದೆ: ಬೇಟೆಯಾಡಿ ಬದುಕುವ ಅವರ ಕನಸುಗಳಲ್ಲಿ ಅಪಾಯ ಧಾರಾಳ, ಆದರೆ ಅನೇಕ ಸಲ ಬಳಗದ ಯಾರೋ ಬಂದು ಕೈಹಿಡಿಯುತ್ತಾರೆ, ಭಯಕ್ಕೆ ಬಿಡುಗಡೆ ಸಿಗುತ್ತದೆ.

ಹಾಗಾಗಿ ಅಪರೂಪಕ್ಕೊಮ್ಮೆ ಕೆಟ್ಟ ಕನಸು ಬಿದ್ದರೆ ಶಕುನ ಹುಡುಕಬೇಡಿ, ಚಿಂತೆಯೂ ಬೇಡ. ಎಳೆಯ ಮಕ್ಕಳು ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಕಿರುಚಿ, ಬೆಳಗ್ಗೆ ಏನೂ ನೆನಪಿಲ್ಲ ಎನ್ನುವುದು ಬೇರೆಯೇ ಸಂಗತಿ. ಅದು ಗಾಢನಿದ್ದೆಯ ತೊಡಕು, ಹೆಚ್ಚಿನ ಮಕ್ಕಳಲ್ಲಿ ವಯಸ್ಸಿನೊಂದಿಗೆ ತಾನಾಗಿ ಹೋಗುತ್ತದೆ. ಆದರೆ ವಯಸ್ಕರಲ್ಲಿ ಶೇ 2ರಿಂದ 6ರಷ್ಟು ಮಂದಿಗೆ ವಾರಕ್ಕೊಮ್ಮೆಯಾದರೂ ದುಃಸ್ವಪ್ನ ಕಾಡುತ್ತದೆ, ಅವರಲ್ಲಿ ಬಹುಪಾಲು ಜನ ಅದನ್ನು ವೈದ್ಯರ ಮುಂದೆ ಹೇಳುವುದೇ ಇಲ್ಲ. ಕೆಲವು ರಕ್ತದೊತ್ತಡದ ಮಾತ್ರೆಗಳು, ಖಿನ್ನತೆಯ ಔಷಧಗಳು, ಕುಡಿತವನ್ನು ಒಮ್ಮೆಲೇ ಬಿಡುವುದು ಕೂಡ ಇದಕ್ಕೆ ಕಾರಣವಾಗಬಹುದು. ಮಾತ್ರೆಯನ್ನು ನೀವೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಒಂದೇ ಕನಸು ಮತ್ತೆ ಮತ್ತೆ ಬಂದು ನಿದ್ದೆಗೆ ಹೆದರುವಂತಾದರೆ ಮನೋವೈದ್ಯರನ್ನು ಕಾಣಿ. ಅದು ಕೂಡಲೇ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.